ಇಂಜೆಕ್ಷನ್ ನಿಲ್ಲಿಸಿಬಿಟ್ಟೆ, ಕ್ಯಾಲ್ಸಿಯಂ ಸಾಕಲ್ವಾ ಮೇಡಂ?

ಮುಟ್ಟು ನಿಂತ ಮೇಲೆ ಮೂಳೆ ಟೊಳ್ಳಾಗುವುದರ (ಆಸ್ಟಿಯೊಪೊರೋಸಿಸ್) ಬಗ್ಗೆ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಕ್ಯಾಲ್ಸಿಯಂ ಸುತ್ತಲೇ ತಿರುಗುತ್ತವೆ. ಯಾವ ಕಂಪನಿಯ ಮಾತ್ರೆ, ಹಾಲಿನ ಜೊತೆಗೋ ನೀರಿನ ಜೊತೆಗೋ, ರಾಗಿ ಮೇಲೋ ಎಳ್ಳು ಮೇಲೋ. ಕ್ಯಾಲ್ಸಿಯಂ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಒಂದು ಸಲ ಬಿದ್ದು ಮೂಳೆ ಮುರಿದುಕೊಂಡ ಹೆಂಗಸಿಗೆ ಎರಡನೇ ಸಲ ಮುರಿಯದಂತೆ ತಡೆಯುವುದು ಬರೀ ಕ್ಯಾಲ್ಸಿಯಂನಿಂದ ಆಗುವುದಿಲ್ಲ, ಅದಕ್ಕೆ ಮೂಳೆಯ ಔಷಧವೇ ಬೇಕು. ಹತ್ತು ವರ್ಷ ಕ್ಯಾಲ್ಸಿಯಂ ನುಂಗಲು ಯಾರಿಗೂ ಭಯವಿಲ್ಲ, ಆ ಔಷಧದ ಹೆಸರು ಹೇಳಿದರೆ ಮಾತ್ರ ಮನೆಮಂದಿಯೆಲ್ಲ ಹೆದರುತ್ತಾರೆ. ಈ ಸಲ ದಾವಣಗೆರೆಯ ಪತ್ರಕ್ಕೇ ಜಾಸ್ತಿ ಜಾಗ ಕೊಡುತ್ತಿದ್ದೇನೆ. ಇದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಮತ್ತೆ ಮತ್ತೆ ಬರುತ್ತಿದೆ. ಬರುವಷ್ಟರಲ್ಲಿ ತಡವಾಗಿರುತ್ತದೆ.

ಪ್ರಶ್ನೆ: ಮೇಡಂ, ನನಗೆ 63 ವರ್ಷ. ಮೂರು ವರ್ಷದ ಹಿಂದೆ ಅಂಗಳದಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿಯಿತು. ಆಗ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದರು, ಬೆನ್ನುಮೂಳೆಯ ಟಿ-ಸ್ಕೋರ್ (ಮೈನಸ್ ಹೆಚ್ಚಾದಷ್ಟೂ ಮೂಳೆ ತೆಳು) ಮೈನಸ್ 3.2 ಇತ್ತು. ಆರು ತಿಂಗಳಿಗೊಮ್ಮೆ ಚುಚ್ಚುವ ಡೆನೋಸುಮಾಬ್ ಇಂಜೆಕ್ಷನ್ ಕೊಟ್ಟರು. ಐದು ತೆಗೆದುಕೊಂಡೆ. ಆಮೇಲೆ ಒಂದು ಹಲ್ಲು ಕೀಳಿಸಬೇಕಾಯಿತು. ಹಲ್ಲಿನ ಡಾಕ್ಟರು ಈ ಇಂಜೆಕ್ಷನ್‌ನಿಂದ ದವಡೆ ಮೂಳೆ ಕೊಳೆಯುತ್ತದೆ, ನಿಲ್ಲಿಸಿ ಅಂದರು. ನಿಲ್ಲಿಸಿದೆ. ಹಲ್ಲು ಕಿತ್ತ ಜಾಗ ವಾಸಿಯಾಗಿದೆ. ಕೊನೆಯ ಇಂಜೆಕ್ಷನ್ ಆಗಿ ಎಂಟು ತಿಂಗಳಾಯಿತು. ಯಾವ ನೋವೂ ಇಲ್ಲ. ಸ್ಕೋರ್ ಕೂಡ ಮೈನಸ್ 2.6ಕ್ಕೆ ಬಂದಿದೆ. ದಿನಾ ಕ್ಯಾಲ್ಸಿಯಂ, ವಾರಕ್ಕೊಂದು ವಿಟಮಿನ್ ಡಿ ನುಂಗುತ್ತಿದ್ದೇನೆ. ಇಷ್ಟು ಸಾಕಲ್ವಾ?

ಸಾಲದು. ಇದನ್ನು ಓದಿದ ವಾರದಲ್ಲೇ ನಿಮಗೆ ಇಂಜೆಕ್ಷನ್ ಬರೆದ ಡಾಕ್ಟರ ಹತ್ತಿರ ಹೋಗಿ. ಮುಂದಿನ ತಿಂಗಳು ಮದುವೆ ಮುಗಿಸಿಕೊಂಡು ಹೋಗುತ್ತೇನೆ, ಹಬ್ಬ ಕಳೆಯಲಿ ಅನ್ನಬೇಡಿ. ಆರನೇ ತಿಂಗಳಿಗೆ ತೆಗೆದುಕೊಳ್ಳಬೇಕಿದ್ದದ್ದು, ಆಗಲೇ ಎರಡು ತಿಂಗಳು ಮೀರಿದೆ.

ಯಾಕೆ ಇಷ್ಟು ಅವಸರ ಮಾಡುತ್ತಿದ್ದೇನೆ ಅಂತ ಹೇಳುತ್ತೇನೆ. ನಮ್ಮ ಮೂಳೆಯಲ್ಲಿ ಹಳೆಯದನ್ನು ಕರಗಿಸುವ ಜೀವಕೋಶಗಳು, ಹೊಸದನ್ನು ಕಟ್ಟುವ ಜೀವಕೋಶಗಳು ಎರಡೂ ಇರುತ್ತವೆ. ಮುಟ್ಟು ನಿಂತು ಈಸ್ಟ್ರೊಜೆನ್ ಇಳಿದಾಗ ಕರಗಿಸುವವುಗಳ ಕೈ ಮೇಲಾಗುತ್ತದೆ. ಅವು ಬೆಳೆಯಲು ಬೇಕಾದ ಸಂಕೇತವನ್ನೇ ಡೆನೋಸುಮಾಬ್ ತಡೆಯುತ್ತದೆ. ಬಹಳ ಚೆನ್ನಾಗಿ ತಡೆಯುತ್ತದೆ. 2009ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಮೂರು ವರ್ಷ ಇದನ್ನು ತೆಗೆದುಕೊಂಡವರಲ್ಲಿ ಬೆನ್ನುಮೂಳೆ ಮುರಿತ ಶೇಕಡಾ 68ರಷ್ಟು, ಸೊಂಟದ ಮುರಿತ ಶೇಕಡಾ 40ರಷ್ಟು ಕಡಿಮೆಯಾಗಿತ್ತು. ಆದರೆ ಈ ಔಷಧ ಮೂಳೆಯಲ್ಲಿ ಉಳಿಯುವುದಿಲ್ಲ. ಆರು ತಿಂಗಳಾದ ಮೇಲೆ ಇದರ ಹಿಡಿತ ಬಿಟ್ಟುಹೋಗುತ್ತದೆ. ಅಲ್ಲಿಯವರೆಗೆ ಸುಮ್ಮನಿದ್ದ ಜೀವಕೋಶಗಳು ಒಟ್ಟಿಗೇ ಎದ್ದು ಕೆಲಸ ಶುರುಮಾಡುತ್ತವೆ, ಚಿಕಿತ್ಸೆ ಶುರುವಾಗುವ ಮುಂಚೆ ಎಷ್ಟು ಮೂಳೆ ಕರಗುತ್ತಿತ್ತೋ ಅದಕ್ಕಿಂತ ಜೋರಾಗಿ ಕರಗುತ್ತದೆ. ಗಳಿಸಿದ್ದೆಲ್ಲ ಒಂದೆರಡು ವರ್ಷದಲ್ಲಿ ಹೋಗುತ್ತದೆ. ಅಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಕೆಲವರಿಗೆ ಬೆನ್ನಿನ ಎರಡು, ಮೂರು, ನಾಲ್ಕು ಮೂಳೆಗಳು ಕೆಲವೇ ವಾರಗಳ ಅಂತರದಲ್ಲಿ ಕುಸಿಯುತ್ತವೆ. ಬೀಳಬೇಕೆಂದೇ ಇಲ್ಲ, ನೀರಿನ ಬಕೆಟ್ ಎತ್ತಿದರೆ ಸಾಕು, ಜೋರಾಗಿ ಕೆಮ್ಮಿದರೆ ಸಾಕು. ಮುಂಚೆಯೇ ಬೆನ್ನುಮೂಳೆ ಮುರಿದವರಿಗೆ ಈ ಅಪಾಯ ಇನ್ನೂ ಹೆಚ್ಚು. ಎರಡೂವರೆ ವರ್ಷದ ಚಿಕಿತ್ಸೆಯನ್ನು ಹೀಗೆ ಕಳೆದುಕೊಳ್ಳುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನೋವಿಲ್ಲ ಅಂದಿರಿ. ಮೂಳೆ ಟೊಳ್ಳಾದರೆ ನೋವು ಬರುವುದಿಲ್ಲ, ಮುರಿದ ಮೇಲೆಯೇ ಬರುವುದು. ಬೆನ್ನಿನಲ್ಲಾದರೆ ಎಷ್ಟೋ ಸಲ, ಮುರಿದ ಮೇಲೂ ನೋವು ಬರುವುದಿಲ್ಲ. ಬೆನ್ನುಮೂಳೆ ಮುರಿತಗಳಲ್ಲಿ ಸುಮಾರು ಮೂರರಲ್ಲಿ ಎರಡು ಯಾರಿಗೂ ಗೊತ್ತಾಗದೆ ಆಗಿಹೋಗುತ್ತವೆ. ಗೊತ್ತಾಗುವುದು ಬೇರೆ ರೀತಿಯಲ್ಲಿ. ಅಡುಗೆಮನೆಯ ಮೇಲಿನ ಶೆಲ್ಫಿನ ಡಬ್ಬ ಕೈಗೆ ಸಿಗುವುದಿಲ್ಲ. ಯಾವಾಗಲೂ ಉಡುವ ಹಾಗೆಯೇ ಸೀರೆ ಉಟ್ಟರೂ ನೆರಿಗೆ ನೆಲಕ್ಕೆ ಎಳೆಯುತ್ತದೆ. ವಯಸ್ಸಾಯಿತಲ್ಲ, ಬೆನ್ನು ಬಾಗಿದೆ ಅಂದುಕೊಂಡು ಸುಮ್ಮನಾಗುತ್ತಾರೆ. ಗೋಡೆಗೆ ಒರಗಿ ನಿಂತು ಎತ್ತರ ಅಳೆಯಿರಿ. ವಯಸ್ಸಿನಲ್ಲಿದ್ದಾಗಿನ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರ್ ಕಡಿಮೆಯಾಗಿದ್ದರೆ ಪಕ್ಕದಿಂದ ತೆಗೆಯುವ ಬೆನ್ನಿನ ಎಕ್ಸ್‌ರೇ ಆಗಲೇಬೇಕು. ನೀವಂತೂ ಎತ್ತರ ಎಷ್ಟೇ ಇರಲಿ, ಈಗಲೇ ಮಾಡಿಸಿ.

ಇನ್ನು ದವಡೆ. ಹಲ್ಲಿನ ಡಾಕ್ಟರ ಭಯಕ್ಕೆ ಕಾರಣವಿದೆ, ಆದರೆ ಅದು ನಿಮ್ಮ ಲೆಕ್ಕವಲ್ಲ. ಕ್ಯಾನ್ಸರ್ ಮೂಳೆಗೆ ಹರಡಿದವರಿಗೆ ಇದೇ ಔಷಧವನ್ನು ತಿಂಗಳಿಗೆ 120 ಮಿಲಿಗ್ರಾಂ ಕೊಡುತ್ತಾರೆ. ನಿಮಗೆ ಕೊಟ್ಟಿದ್ದು ಆರು ತಿಂಗಳಿಗೆ 60. ವರ್ಷದ ಲೆಕ್ಕ ಹಾಕಿದರೆ ಅವರಿಗೆ 1440, ನಿಮಗೆ 120. ದವಡೆ ಮೂಳೆಯ ತೊಂದರೆ ಜಾಸ್ತಿ ಕಾಣುವುದು ಅವರಲ್ಲಿ. ಟೊಳ್ಳು ಮೂಳೆಗೆ ಔಷಧ ಪಡೆಯುವವರಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೆ ಬೆರಳೆಣಿಕೆಯಷ್ಟು ಮಂದಿಗೆ ಬರಬಹುದು, ಅದರಲ್ಲೂ ವಸಡು ಹಾಳಾದವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ಹೊಗೆಸೊಪ್ಪು ಜಗಿಯುವವರು ಹೆಚ್ಚು ಎಚ್ಚರ ಇರಬೇಕು. ಹಲ್ಲು ಕ್ಲೀನ್ ಮಾಡಿಸುವುದು, ಹುಳುಕು ತುಂಬಿಸುವುದು, ರೂಟ್ ಕೆನಾಲ್, ಇದಕ್ಕೆಲ್ಲ ಇಂಜೆಕ್ಷನ್ ನಿಲ್ಲಿಸುವ ಮಾತೇ ಬೇಡ. ಕೀಳಿಸಲೇಬೇಕಾದರೆ ಮತ್ತು ಕಾಯಲು ಆಗುವುದಾದರೆ, ಹಿಂದಿನ ಇಂಜೆಕ್ಷನ್ ಆಗಿ ಐದನೇ ತಿಂಗಳ ಸುಮಾರಿಗೆ ಕೀಳಿಸಿ, ಗಾಯ ಮಾಯ್ದ ಮೇಲೆ ಮುಂದಿನದನ್ನು ಏಳು ತಿಂಗಳು ದಾಟದ ಹಾಗೆ ಕೊಟ್ಟುಬಿಡುತ್ತೇವೆ. ಇಬ್ಬರು ಡಾಕ್ಟರುಗಳು ಫೋನಿನಲ್ಲಿ ಎರಡು ನಿಮಿಷ ಮಾತಾಡಿದ್ದರೆ ಮುಗಿಯುವ ವಿಷಯ ಇದು. ಇದರಲ್ಲಿ ನನ್ನ ಕೋಪ ಹಲ್ಲಿನವರ ಮೇಲೆ ಮಾತ್ರ ಅಲ್ಲ. ಈ ಇಂಜೆಕ್ಷನ್ ಶುರುಮಾಡುವ ದಿನವೇ, ಇದನ್ನು ಇದ್ದಕ್ಕಿದ್ದ ಹಾಗೆ ನಿಲ್ಲಿಸುವಂತಿಲ್ಲ ಅಂತ ಚೀಟಿಯ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದುಕೊಡದ ಡಾಕ್ಟರುಗಳ ಮೇಲೂ ಇದೆ.

ಹಾಗಾದರೆ ಜೀವನಪೂರ್ತಿ ಚುಚ್ಚಿಸಿಕೊಳ್ಳಬೇಕಾ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಬೇಕಿಲ್ಲ. ಆದರೆ ನಿಲ್ಲಿಸುವಾಗ ಅದರ ಜಾಗಕ್ಕೆ ಇನ್ನೊಂದು ಔಷಧ ಬರಲೇಬೇಕು. ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಝೋಲೆಡ್ರೋನಿಕ್ ಆಸಿಡ್ 5 ಮಿಲಿಗ್ರಾಂ, ಇಲ್ಲವೇ ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ 70 ಮಿಲಿಗ್ರಾಂ. ಇವು ಮೂಳೆಗೆ ಅಂಟಿಕೊಂಡು ಉಳಿಯುತ್ತವೆ, ಹಾಗಾಗಿ ಆ ಹಠಾತ್ ಕರಗುವಿಕೆಯನ್ನು ತಡೆಯುತ್ತವೆ. ನಿಮ್ಮ ವಿಷಯದಲ್ಲಿ ಸ್ಕೋರ್ ಇನ್ನೂ ಮೈನಸ್ 2.6, ಅಂದರೆ ಟೊಳ್ಳು ಮೂಳೆ ಅಂತ ಕರೆಯುವ ಗೆರೆಯ ಆಚೆಗೇ ಇದೆ, ಒಂದು ಮೂಳೆ ಮುರಿದೂ ಆಗಿದೆ. ಎಕ್ಸ್‌ರೇಯಲ್ಲಿ ಏನು ಕಾಣುತ್ತದೆ ಅನ್ನುವುದರ ಮೇಲೆ ನಿಮ್ಮ ಡಾಕ್ಟರು ಡೆನೋಸುಮಾಬ್ ಮುಂದುವರಿಸಬಹುದು ಅಥವಾ ಡ್ರಿಪ್‌ಗೆ ಬದಲಾಯಿಸಬಹುದು. ನಾನಾಗಿದ್ದರೆ ಮುಂದುವರಿಸುವ ಕಡೆಗೇ ವಾಲುತ್ತಿದ್ದೆ. ಯಾವುದಕ್ಕೂ ಮುಂಚೆ ರಕ್ತದಲ್ಲಿ ಕ್ಯಾಲ್ಸಿಯಂ, ವಿಟಮಿನ್ ಡಿ, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ನೋಡಲೇಬೇಕು. ಕಿಡ್ನಿ ತೀರಾ ಸೋತಿದ್ದರೆ ಡ್ರಿಪ್ ಕೊಡುವಂತಿಲ್ಲ, ಡಯಾಲಿಸಿಸ್‌ನಲ್ಲಿರುವವರಿಗೆ ಡೆನೋಸುಮಾಬ್ ಕೊಟ್ಟರೆ ಕ್ಯಾಲ್ಸಿಯಂ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಮೊದಲ ಡ್ರಿಪ್ ಆದ ಮೇಲೆ ಒಂದರಿಂದ ಮೂರು ದಿನ ಜ್ವರ, ಮೈಕೈ ನೋವು ಬರಬಹುದು. ಅದು ಔಷಧ ಆಗಿಬರದ ಲಕ್ಷಣ ಅಲ್ಲ. ಚೆನ್ನಾಗಿ ನೀರು ಕುಡಿದು ಪ್ಯಾರಸಿಟಮಾಲ್ ತೆಗೆದುಕೊಳ್ಳಿ. ಮಾತ್ರೆಯಾದರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ, ಆಮೇಲೆ ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು. ಕಾಫಿ ಜೊತೆ ನುಂಗಿದರೆ ಅದು ಮೈಗೆ ಹತ್ತುವುದು ಬಹಳ ಕಡಿಮೆ.

ಡಾಕ್ಟರನ್ನು ನೋಡುವವರೆಗೆ ಬಿಂದಿಗೆ, ಗ್ಯಾಸ್ ಸಿಲಿಂಡರ್, ಮೊಮ್ಮಗು ಯಾವುದನ್ನೂ ಬಗ್ಗಿ ಎತ್ತಬೇಡಿ. ಇದ್ದಕ್ಕಿದ್ದ ಹಾಗೆ ಬೆನ್ನು ಹಿಡಿದುಕೊಂಡರೆ ಉಳುಕಿದೆ ಅಂತ ಎಣ್ಣೆ ಹಚ್ಚಿ ತಿಕ್ಕಿಸಲು ಹೋಗಬೇಡಿ. ಮುರಿದ ಬೆನ್ನನ್ನು ಒತ್ತಿ ತಿಕ್ಕಿದರೆ ಇನ್ನಷ್ಟು ಕೆಡುತ್ತದೆ. ನೇರ ಎಕ್ಸ್‌ರೇಗೆ ಹೋಗಿ.

ವಾರದ ವಿಟಮಿನ್ ಡಿ, ಅಂದರೆ 60,000 ಯೂನಿಟ್‌ದು, ಸಾಮಾನ್ಯವಾಗಿ ಎಂಟು ವಾರದ ಲೆಕ್ಕ. ಎಷ್ಟು ದಿನದಿಂದ ನುಂಗುತ್ತಿದ್ದೀರಿ ಅಂತ ನೀವು ಬರೆದಿಲ್ಲ. ವರ್ಷಗಟ್ಟಲೆ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ವಿಪರೀತ ಬಾಯಾರಿಕೆ, ಮಂಕು ಬರಬಹುದು. ಒಂದೇ ಸಲ ಲಕ್ಷಗಟ್ಟಲೆ ಯೂನಿಟ್ ಕೊಡುವುದು ಇನ್ನೂ ತಪ್ಪು. ಆಸ್ಟ್ರೇಲಿಯಾದಲ್ಲಿ ವಯಸ್ಸಾದ ಹೆಂಗಸರಿಗೆ ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್ ಕೊಟ್ಟು ನೋಡಿದರು, ಕೊಟ್ಟವರೇ ಜಾಸ್ತಿ ಬಿದ್ದರು, ಜಾಸ್ತಿ ಮೂಳೆ ಮುರಿದುಕೊಂಡರು. ಆ ವರದಿ ಬಂದದ್ದು 2010ರಲ್ಲಿ.

ಪ್ರಶ್ನೆ: ಎರಡು ಮಂಡಿಯೂ ನೋವು, ಮೂಳೆ ಟೊಳ್ಳಾಗಿದೆಯಾ?

ಅದು ಕೀಲಿನ ಸವೆತ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಆ ಮಂಡಿ ನೋವಿಗೇ ಒಬ್ಬರು ಪುಡಿ ಕೊಡುತ್ತಾರೆ. ಬೆಳಿಗ್ಗೆ ತಿಂದರೆ ಸಂಜೆಗೆ ನೋವು ಮಾಯ. ಗಿಡಮೂಲಿಕೆಯದ್ದು, ಸೈಡ್ ಎಫೆಕ್ಟ್ ಇಲ್ಲವಂತೆ. ಒಂದು ವರ್ಷದಿಂದ ತಿನ್ನುತ್ತಿದ್ದೇನೆ.

ಯಾವ ಬೇರು ಸೊಪ್ಪೂ ಒಂದೇ ದಿನದಲ್ಲಿ ಹಾಗೆ ನೋವು ತೆಗೆಯುವುದಿಲ್ಲ. ಲೇಬಲ್ ಇಲ್ಲದ ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ಮುಖ ಊದಿಕೊಂಡಿದೆಯಾ, ಮೈ ತಟ್ಟಿದರೆ ನೀಲಿಗಟ್ಟುತ್ತದೆಯಾ, ಸಕ್ಕರೆ ಏರಿದೆಯಾ ನೋಡಿಕೊಳ್ಳಿ. ಸ್ಟೀರಾಯ್ಡ್ ಮೂರು ತಿಂಗಳು ಹೊಟ್ಟೆಗೆ ಹೋದರೂ ಮೂಳೆಗೆ ಪೆಟ್ಟು. ಹೆಂಗಸರ ಮುಟ್ಟು ನಿಂತು ಆಗಲೇ ತೆಳುವಾಗಿರುವ ಮೂಳೆಯ ಮೇಲೆ ಇದನ್ನು ಸುರಿದು ದುಡ್ಡು ಮಾಡುವವರನ್ನು ವೈದ್ಯರು ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ. ಒಂದು ಮಾತು, ವರ್ಷದಿಂದ ತಿನ್ನುತ್ತಿದ್ದರೆ ನಾಳೆಯಿಂದಲೇ ನೀವಾಗಿ ಬಿಡಬೇಡಿ. ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ನಿಲ್ಲಿಸಿರುತ್ತದೆ, ಥಟ್ಟನೆ ಬಿಟ್ಟರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಪುಡಿಯ ಪೊಟ್ಟಣ ತೆಗೆದುಕೊಂಡೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಗೋಧಿ ಕಾಳಿನಷ್ಟು ಸುಣ್ಣವನ್ನು ಮೊಸರಿಗೆ ಹಾಕಿ ಕುಡಿದರೆ ಮೂಳೆ ಗಟ್ಟಿಯಾಗುತ್ತದೆ ಅಂತ ವಿಡಿಯೊ ಬಂದಿದೆ.

ಅದರಲ್ಲಿರುವ ಕ್ಯಾಲ್ಸಿಯಂ ಕೆಲವು ಚಮಚ ಹಾಲಿನಷ್ಟು. ಹಾಲನ್ನೇ ಕುಡಿಯಿರಿ. ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿಲಿಗ್ರಾಂ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದೆ. ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆ, ಎರಡು ಲೋಟ ಹಾಲು ಮೊಸರು ಸೇರಿದರೆ 800 ದಾಟುತ್ತದೆ. ಉಳಿದದ್ದಕ್ಕೆ 500ರ ಒಂದು ಮಾತ್ರೆ ಊಟದ ಜೊತೆ ಸಾಕು. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಲಿ.

ಪ್ರಶ್ನೆ: ಕ್ಯಾಂಪಿನಲ್ಲಿ ಮೆಷಿನ್ ಮೇಲೆ ಹಿಮ್ಮಡಿ ಇಡಿಸಿ ನೋಡಿ ಮೂಳೆ ಪೂರ್ತಿ ಹೋಗಿದೆ ಅಂದರು.

ಹಿಮ್ಮಡಿ ನೋಡಿ ಯಾರೂ ಹಾಗೆ ಹೇಳುವಂತಿಲ್ಲ. ಸೊಂಟ ಮತ್ತು ಬೆನ್ನಿನ ಡೆಕ್ಸಾ ಮಾಡಿಸಿ. ನೀವು ಪಾವಗಡದವರು ಅಂತ ಬರೆದಿದ್ದೀರಿ, ಹಾಗಾಗಿ ಇನ್ನೊಂದು ಮಾತು. ಫ್ಲೋರೈಡ್ ಜಾಸ್ತಿ ಇರುವ ಬೋರ್‌ವೆಲ್ ನೀರು ವರ್ಷಾನುಗಟ್ಟಲೆ ಕುಡಿದವರಿಗೆ ಬೆನ್ನಿನ ಸ್ಕೋರ್ ಚೆನ್ನಾಗಿಯೇ ಕಾಣಬಹುದು, ಮೂಳೆ ಮಾತ್ರ ಪೆಡಸಾಗಿರುತ್ತದೆ. ಸ್ಕ್ಯಾನ್ ಮಾಡುವವರಿಗೆ ನಿಮ್ಮ ಊರಿನ ನೀರಿನ ವಿಷಯ ಹೇಳಿ.

ಪ್ರಶ್ನೆ: ನನಗೆ 44. ಹಾವೇರಿ ಜಿಲ್ಲೆ. 38ಕ್ಕೇ ಗರ್ಭಕೋಶ ತೆಗೆಸಿದೆ. ನನಗೂ ಇದು ಬರುತ್ತದಾ?

ಈ ಪ್ರಶ್ನೆ ಇನ್ನೂ ಜಾಸ್ತಿ ಹೆಂಗಸರು ಕೇಳಬೇಕಿತ್ತು. ಆಪರೇಷನ್ ಚೀಟಿ ಹುಡುಕಿ, ಅಂಡಾಶಯ ಎರಡೂ ತೆಗೆದಿದ್ದಾರಾ ಅಂತ ನೋಡಿಸಿ. ತೆಗೆದಿದ್ದರೆ ಈಸ್ಟ್ರೊಜೆನ್ ಅವತ್ತೇ ಇಳಿದಿದೆ, ನಿಮ್ಮ ಮೂಳೆ ಕರಗುವ ಲೆಕ್ಕ ಅವತ್ತಿನಿಂದಲೇ ಶುರುವಾಗಿದೆ. ಸ್ತನ ಕ್ಯಾನ್ಸರಿನಂಥ ಅಡ್ಡಿ ಇಲ್ಲದಿದ್ದರೆ, ತಾನಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನ್ ಚಿಕಿತ್ಸೆ ಕೊಡಬೇಕು. ಹಾರ್ಮೋನ್ ಅಂದರೆ ಕ್ಯಾನ್ಸರ್ ಅಂತ ಅಕ್ಕಪಕ್ಕದವರು ಹೇಳುವುದು ನಿಮ್ಮ ವಯಸ್ಸಿಗೆ ಅನ್ವಯಿಸುವುದಿಲ್ಲ. ಒಂದು ಡೆಕ್ಸಾ ಈಗಲೇ ಆಗಲಿ.

ಪ್ರಶ್ನೆ: ಟಿ-ಸ್ಕೋರ್ ಮೈನಸ್ 3. ಯೋಗ ಮುಂದುವರಿಸಲಾ?

ಮುಂದಕ್ಕೆ ಬಗ್ಗುವುದು ಬೇಡ. ಪಶ್ಚಿಮೋತ್ತಾನಾಸನ, ಪಾದಹಸ್ತಾಸನ, ಅದೇ ಬಗ್ಗುವಿಕೆ ಇರುವ ಸೂರ್ಯನಮಸ್ಕಾರ, ಮೂರನ್ನೂ ಬಿಡಿ. ಗುರುಗಳು ಏನೂ ಆಗುವುದಿಲ್ಲ ಅಂದರೂ ಬಿಡಿ. ನಡೆಯಿರಿ, ಮೆಟ್ಟಿಲು ಹತ್ತಿ, ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರಿ.

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಮೈಸೂರಿನಲ್ಲಿ ಅಮ್ಮ ಒಬ್ಬರೇ, 71 ವರ್ಷ. ಇಲ್ಲಿಂದ ಯಾವ ಕ್ಯಾಲ್ಸಿಯಂ ಬಾಟಲ್ ಕಳಿಸಲಿ?

ಯಾವುದೂ ಬೇಡ, ಮೈಸೂರಿನಲ್ಲೇ ಸಿಗುತ್ತದೆ. ಆ ದುಡ್ಡಿನಲ್ಲಿ ಪ್ಲಂಬರನ್ನು ಕರೆಸಿ ಬಚ್ಚಲಿನಲ್ಲಿ, ಕಮೋಡಿನ ಪಕ್ಕ, ಗೋಡೆಗೆ ಸ್ಕ್ರೂ ಹೊಡೆದು ಕೂರಿಸುವ ಸ್ಟೀಲ್ ಹಿಡಿಕೆ ಹಾಕಿಸಿ. ಟವೆಲ್ ಹಾಕುವ ರಾಡ್ ಅಲ್ಲ, ಅದು ಹಿಡಿದರೆ ಕಿತ್ತುಬರುತ್ತದೆ. ಜಾರುವ ಕಾಲೊರಸು ತೆಗೆಸಿ. ಮಂಚದಿಂದ ಬಚ್ಚಲಿನವರೆಗೆ ರಾತ್ರಿಯಿಡೀ ಉರಿಯುವ ಸಣ್ಣ ದೀಪ ಇರಲಿ. ಕಣ್ಣಿನ ಪೊರೆ ಇದ್ದರೆ ಆಪರೇಷನ್ ಮುಂದೂಡಬೇಡಿ. ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರಾ ಅಂತ ಇವತ್ತೇ ಫೋನ್ ಮಾಡಿ ಕೇಳಿ, ಹೌದು ಅಂದರೆ ಬರೆದ ಡಾಕ್ಟರ ಜೊತೆ ನೀವೇ ಮಾತಾಡಿ.