ಮಾನಿಟರ್ ಸ್ಪೀಕರ್‌ನಲ್ಲಿ ದನಿ ಒಡೆದು ಬರುತ್ತಿದೆ, ಹೆಡ್‌ಫೋನ್‌ನಲ್ಲಿ ಸರಿಯಿದೆ. ಮಾನಿಟರ್ ಬದಲಿಸಲೇಬೇಕಾ?

ಹೊಸ 24 ಇಂಚಿನ ಮಾನಿಟರನ್ನು ಎಚ್‌ಡಿಎಂಐ ಕೇಬಲ್‌ನಲ್ಲಿ ಜೋಡಿಸಿದ್ದೀರಿ. ವಾಲ್ಯೂಮ್ ಸ್ವಲ್ಪ ಏರಿಸಿದರೆ ಮೃದಂಗ, ತಬಲ ಬಂದಾಗಲೆಲ್ಲ ದನಿ ಕರಕರ ಅಂತ ಒಡೆಯುತ್ತೆ. ಹೆಡ್‌ಫೋನ್‌ನಲ್ಲಿ ತೊಂದರೆಯಿಲ್ಲ. ಮಂಡ್ಯದ ಅಂಗಡಿಯವರು ‘ಸ್ಪೀಕರ್ ಹೋಗಿದೆ, ಬೇರೆ ತಗೊಳ್ಳಿ’ ಅಂದಿದ್ದಾರೆ. ಇಷ್ಟು ಬರೆದಿದ್ದೀರಿ, ಆದರೆ ಒಂದು ವಿವರ ಬಿಟ್ಟುಹೋಗಿದೆ. ಆ ಹೆಡ್‌ಫೋನ್ ಚುಚ್ಚಿದ್ದು ಎಲ್ಲಿಗೆ? ಸಿಪಿಯು ಮುಂಭಾಗಕ್ಕೋ, ಮಾನಿಟರ್ ಹಿಂಭಾಗಕ್ಕೋ?

ಸಿಪಿಯುಗೆ ಚುಚ್ಚಿದ್ದರೆ ಆ ಪರೀಕ್ಷೆಯಿಂದ ಏನೂ ಗೊತ್ತಾಗಲ್ಲ. ಕಂಪ್ಯೂಟರ್‌ನಲ್ಲಿ ದನಿ ಹೊರಗೆ ಬರೋಕೆ ಎರಡು ದಾರಿ ಇರುತ್ತೆ. ಹೆಡ್‌ಫೋನ್ ಚುಚ್ಚುವ ಜಾಗದ್ದು ಮದರ್‌ಬೋರ್ಡ್ ಮೇಲಿನ ಆಡಿಯೋ ಚಿಪ್‌ನ ದಾರಿ. ಎಚ್‌ಡಿಎಂಐನದು ಗ್ರಾಫಿಕ್ಸ್ ಕಡೆಯಿಂದ ಹೊರಡುವ ಬೇರೆಯದೇ ದಾರಿ. ಅದಕ್ಕೆ ಅದರದೇ ಡ್ರೈವರ್, ಅದರದೇ ಸೆಟ್ಟಿಂಗ್. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ‘ರಿಯಲ್‌ಟೆಕ್’ ಅಂತ ಒಂದು, ‘ಎನ್ವಿಡಿಯಾ ಹೈ ಡೆಫಿನಿಷನ್ ಆಡಿಯೋ’ ಅಥವಾ ‘ಇಂಟೆಲ್ ಡಿಸ್‌ಪ್ಲೇ ಆಡಿಯೋ’ ಅಂತ ಇನ್ನೊಂದು ಕಾಣೋದು ಇದಕ್ಕೇ. ನೀವು ಮಂಡ್ಯದವರು, ನಾಲೆ ನೀರಿನ ಲೆಕ್ಕ ನಿಮಗೆ ಹೇಳಿಕೊಡಬೇಕಿಲ್ಲ. ಗದ್ದೆಗೆ ನೀರು ಬರಲಿಲ್ಲ ಅಂದರೆ ನಮ್ಮ ತೂಬಿನ ಹತ್ತಿರ ಹೋಗಿ ನೋಡುತ್ತೇವೆ. ಅಲ್ಲಿ ನೀರಿದ್ದರೆ ತಂಟೆ ಕೆಳಗಿದೆ, ಇಲ್ಲದಿದ್ದರೆ ಮೇಲಿದೆ. ಸಿಪಿಯುಗೆ ಹೆಡ್‌ಫೋನ್ ಚುಚ್ಚಿ ಕೇಳಿದ್ದು ಪಕ್ಕದೂರಿನ ತೂಬು ನೋಡಿಕೊಂಡು ಬಂದ ಹಾಗೆ.

ನಿಮ್ಮ ತೂಬು ಮಾನಿಟರ್ ಹಿಂದೆ ಇದೆ. ಹೆಡ್‌ಫೋನ್ ಚಿತ್ರವಿರುವ ಸಣ್ಣ ತೂತು ಹುಡುಕಿ. ಮೊದಲು ವಾಲ್ಯೂಮ್ ಪೂರ್ತಿ ಇಳಿಸಿ, ಆಮೇಲೆ ಹೆಡ್‌ಫೋನ್ ಚುಚ್ಚಿ, ನಿಧಾನಕ್ಕೆ ಏರಿಸಿ, ಏಕೆಂದರೆ ಕೆಲವು ಮಾನಿಟರ್‌ಗಳಲ್ಲಿ ಅಲ್ಲಿಂದ ಬರುವ ದನಿ ಕಿವಿಗೆ ಬಡಿಯುವಷ್ಟು ಜೋರಿರುತ್ತೆ. ಸ್ಪೀಕರ್‌ನಲ್ಲಿ ಒಡೆದ ಅದೇ ಹಾಡು, ಅದೇ ಜಾಗ ಹಾಕಿ ಕೇಳಿ. ಇಲ್ಲೂ ಒಡೆದರೆ ದನಿ ಸ್ಪೀಕರ್ ಮುಟ್ಟುವ ಮೊದಲೇ ಕೆಟ್ಟಿದೆ. ಇಲ್ಲಿ ಶುದ್ಧವಾಗಿದ್ದರೆ ಮಾನಿಟರ್‌ನ ಸ್ಪೀಕರ್, ಅದರ ಪುಟ್ಟ ಆಂಪ್ಲಿಫೈಯರ್, ಸುತ್ತಲಿನ ಪ್ಲಾಸ್ಟಿಕ್, ಈ ಮೂರರಲ್ಲಿ ಒಂದು. ಎರಡು ನಿಮಿಷದ ಕೆಲಸ. ಇದನ್ನು ಮಾಡದೆ ದುಡ್ಡು ಖರ್ಚು ಮಾಡಬೇಡಿ ಅಂತ ನಿಮ್ಮನ್ನು ಕೇಳಿಕೊಳ್ಳುತ್ತೇನೆ.

ಇಷ್ಟು ಒತ್ತಿ ಹೇಳೋಕೆ ಕಾರಣ ನಮ್ಮನೆಯಲ್ಲೇ ಆದದ್ದು. ಮೈಸೂರಿನ ಸರಸ್ವತೀಪುರಂನಲ್ಲಿ ನಮ್ಮ ಮನೆ. ಅಮ್ಮ ಸಂಜೆ ಹೊತ್ತು ಕಂಪ್ಯೂಟರ್‌ನಲ್ಲಿ ವೀಣೆ ಕಚೇರಿ ಕೇಳುತ್ತಾರೆ. ಹೊಸ ಮಾನಿಟರ್ ತಂದ ವಾರದಲ್ಲೇ ‘ಪ್ರತಿ ಮೀಟಿಗೂ ತಂತಿ ಸೀಳಿದ ಹಾಗೆ ಕೇಳುತ್ತೆ ಕಣೋ’ ಅಂದರು. ನಾನು ಕೇಬಲ್ ಬದಲಿಸಿದೆ. ಏನೂ ವ್ಯತ್ಯಾಸ ಆಗಲಿಲ್ಲ. ಕೊನೆಗೆ ಮಾನಿಟರ್ ಹಿಂದೆ ಹೆಡ್‌ಫೋನ್ ಚುಚ್ಚಿ ಕೇಳಿದಾಗ ಅಲ್ಲೂ ದನಿ ದಪ್ಪಗೆ, ಒರಟಾಗಿತ್ತು. ಸೌಂಡ್ ಪ್ರಾಪರ್ಟೀಸ್ ತೆಗೆದು ನೋಡಿದರೆ ಎಚ್‌ಡಿಎಂಐ ಸಾಧನಕ್ಕೆ ‘ಬಾಸ್ ಬೂಸ್ಟ್’, ಅಂದರೆ ಕೆಳಗಿನ ಸ್ಥಾಯಿಯ ದನಿ ಹೆಚ್ಚಿಸುವ ಸೆಟ್ಟಿಂಗ್, ಟಿಕ್ ಆಗಿತ್ತು. ಸ್ಪೀಕರ್ ಸಣ್ಣಗೆ ಕೇಳುತ್ತಲ್ಲ ಅಂತ ಮೊದಲ ದಿನ ನಾನೇ ಹಾಕಿ ಮರೆತಿದ್ದೆ.

ಅದು ಯಾಕೆ ಇಷ್ಟು ಹಾಳು ಮಾಡುತ್ತೆ ಅಂದರೆ, ಮಾನಿಟರ್ ಒಳಗಿನ ಸ್ಪೀಕರ್ ಬೆರಳಷ್ಟು ಅಗಲದ್ದು, ಸಾಮಾನ್ಯವಾಗಿ ಒಂದೊಂದು 2 ವ್ಯಾಟ್ ಅಷ್ಟೆ. ಕೆಳಗಿನ ಸ್ಥಾಯಿಯ ದನಿ ಹೊರಡಿಸೋಕೆ ಗಾಳಿಯನ್ನು ಬಹಳ ತಳ್ಳಬೇಕು, ಆ ಪುಟ್ಟ ಪೊರೆಗೆ ಅಷ್ಟು ಓಡಾಡೋಕೆ ಜಾಗವೇ ಇಲ್ಲ. ಬಾಸ್ ಹೆಚ್ಚಿಸಿ ಕಳಿಸಿದರೆ ಪೊರೆ ತನ್ನ ಮಿತಿಗೆ ಹೋಗಿ ಬಡಿಯುತ್ತೆ, ಅದೇ ಪೊರೆಯಿಂದ ಹೊರಡಬೇಕಾದ ವೀಣೆಯ ನಾದವೂ ಜೊತೆಯಲ್ಲೇ ಒಡೆಯುತ್ತೆ. ಮೃದಂಗದ ಎಡಭಾಗ, ತಬಲದ ಡಗ್ಗ ಬಂದಾಗಲೇ ನಿಮ್ಮಲ್ಲಿ ಒಡೆಯುತ್ತಿರೋದು ನೋಡಿದರೆ ನಿಮ್ಮದೂ ಇದೇ ಇರಬಹುದು ಅಂತ ನನ್ನ ಅನುಮಾನ.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್‌ಗೆ ಹೋಗಿ ಮಾನಿಟರ್ ಹೆಸರಿನ ಮೇಲೆ ಒತ್ತಿ, ‘ಆಡಿಯೋ ಎನ್ಹಾನ್ಸ್‌ಮೆಂಟ್ಸ್’ ಆಫ್ ಮಾಡಿ, ಬಾಸ್ ಬೂಸ್ಟ್ ಥರದ್ದೆಲ್ಲ ಅದರೊಳಗೇ ಬರುತ್ತೆ. ಅದೇ ಪುಟದಲ್ಲಿ ‘ಫಾರ್ಮ್ಯಾಟ್’ ಇರುತ್ತೆ, 16 ಬಿಟ್ 48000 ಹರ್ಟ್ಸ್ ಇಡಿ. ಅಲ್ಲಿ 96000, 192000 ಇದ್ದರೂ ಮಾನಿಟರ್ ಸ್ಪೀಕರ್‌ಗೆ ಅದರಿಂದ ಲಾಭ ಇಲ್ಲ. ವಿಂಡೋಸ್ 10ರಲ್ಲಿ ಹಳೆಯ ಸೌಂಡ್ ಕಂಟ್ರೋಲ್ ಪ್ಯಾನಲ್‌ಗೆ ಹೋಗಿ, ಆ ಸಾಧನದ ಪ್ರಾಪರ್ಟೀಸ್‌ನಲ್ಲಿ ಎನ್ಹಾನ್ಸ್‌ಮೆಂಟ್ಸ್ ಅನ್ನುವ ಪುಟ ನೋಡಿ. ಬ್ರೌಸರ್‌ನಲ್ಲಿ ‘ವಾಲ್ಯೂಮ್ ಬೂಸ್ಟರ್’ ಎಕ್ಸ್‌ಟೆನ್ಷನ್ ಹಾಕಿಕೊಂಡಿದ್ದರೆ ದಯವಿಟ್ಟು ತೆಗೆಯಿರಿ. ವಿಎಲ್‌ಸಿ ಪ್ಲೇಯರ್‌ನಲ್ಲಿ ವಾಲ್ಯೂಮ್ 100 ದಾಟಿಸುವ ಅಭ್ಯಾಸವೂ ಅಷ್ಟೇ. ಡಿಜಿಟಲ್ ದನಿಗೆ ಒಂದು ಗರಿಷ್ಠ ಅಂಕಿ ಇದೆ, ಅದರಾಚೆಗೆ ಜಾಗ ಇಲ್ಲ. ಅದನ್ನು ಮೀರಿ ಏರಿಸಿದರೆ ಅಲೆಯ ತಲೆಯನ್ನು ಕುಡುಗೋಲಲ್ಲಿ ಸವರಿದ ಹಾಗೆ ಮಟ್ಟಸವಾಗಿ ಕತ್ತರಿಸಿ ಹೋಗುತ್ತೆ. ಹಾಗೆ ಕತ್ತರಿಸಿದ್ದೇ ಕಿವಿಗೆ ಕರಕರ ಅಂತ ಕೇಳೋದು. ಆಮೇಲೆ ಎಲ್ಲಿ ವಾಲ್ಯೂಮ್ ಇಳಿಸಿದರೂ ಕತ್ತರಿಸಿದ ತಲೆ ವಾಪಸ್ ಬರಲ್ಲ.

ಹಾಗಾಗಿ ಹೆಡ್‌ಫೋನ್ ಇಲ್ಲದೆಯೂ ಒಂದು ಪರೀಕ್ಷೆ ಮಾಡಬಹುದು. ವಿಂಡೋಸ್ ವಾಲ್ಯೂಮ್ 90ರಲ್ಲಿಟ್ಟು, ಮಾನಿಟರ್‌ನ ಬಟನ್ ಮೆನುವಿನಲ್ಲಿ ವಾಲ್ಯೂಮ್ 20ಕ್ಕೆ ಇಳಿಸಿ. ಸಣ್ಣ ದನಿಯಲ್ಲೂ ಒಡಕು ಹಾಗೇ ಉಳಿದಿದ್ದರೆ ತಪ್ಪು ಕಂಪ್ಯೂಟರ್ ಕಡೆಯದು. ಮಾನಿಟರ್ ವಾಲ್ಯೂಮ್ ಏರಿಸಿದಾಗ ಮಾತ್ರ ಬಂದರೆ ಮಾನಿಟರ್‌ನದು.

ಹಾಡು ಹಾಕಿ ಪರೀಕ್ಷಿಸುವುದಕ್ಕಿಂತ ಮಾತು ಹಾಕಿ ಪರೀಕ್ಷಿಸೋದು ಒಳ್ಳೆಯದು ಅನ್ನೋದು ನನ್ನ ಅನುಭವ. ಸಿನಿಮಾ ಹಾಡುಗಳಲ್ಲಿ ಎಷ್ಟೋ ಸಲ ಒರಟುತನ ರೆಕಾರ್ಡಿಂಗ್‌ನಲ್ಲೇ ಇರುತ್ತೆ, ಅದು ಸ್ಪೀಕರ್‌ನದೋ ಹಾಡಿನದೋ ಗೊತ್ತಾಗಲ್ಲ. ಮನುಷ್ಯರ ದನಿ ಹೇಗಿರಬೇಕು ಅಂತ ಎಲ್ಲರ ಕಿವಿಗೂ ಗೊತ್ತು. ನಾನು ಮೊಬೈಲ್ ಬದಿಗಿಟ್ಟು ಕಂಪ್ಯೂಟರ್‌ನಲ್ಲಿ ಆಕಾಶವಾಣಿ ವಾರ್ತೆ ಹಾಕುತ್ತೇನೆ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ ರೇಡಿಯೋ ಕೇಂದ್ರ ಶುರು ಮಾಡಿದ ಊರು ನಮ್ಮ ಮೈಸೂರು, ‘ಆಕಾಶವಾಣಿ’ ಅನ್ನೋ ಹೆಸರು ಅಲ್ಲಿಂದಲೇ ಬಂದದ್ದು. ವಾರ್ತೆ ಓದುವವರ ಸ, ಶ, ಷ ಮೂರೂ ಬೇರೆಬೇರೆಯಾಗಿ ತಿಳಿಯಾಗಿ ಕೇಳಿದರೆ ಮೇಲಿನ ಸ್ಥಾಯಿ ಸರಿಯಿದೆ. ಮೂರೂ ‘ಸ್ಸ್’ ಅಂತ ಉಗುಳಿದ ಹಾಗೆ ಕೇಳಿದರೆ ಇನ್ನೂ ಯಾವುದೋ ಈಕ್ವಲೈಸರ್ (ಒಂದೊಂದು ಸ್ಥಾಯಿಯನ್ನು ಏರಿಸಿ ಇಳಿಸುವ ಸೆಟ್ಟಿಂಗ್) ಆನ್ ಇದೆಯಾ ಅಂತ ಹುಡುಕಿ.

ನಮ್ಮನೆಯ ಕಥೆ ಬಾಸ್ ಬೂಸ್ಟ್ ತೆಗೆದ ಮೇಲೂ ಪೂರ್ತಿ ಮುಗಿದಿರಲಿಲ್ಲ. ಒಂದೇ ಒಂದು ಸ್ವರದಲ್ಲಿ ಮಾತ್ರ ಝರ್ ಅನ್ನೋದು ಉಳಿದಿತ್ತು. ಅಮ್ಮ ಅದನ್ನು ತಂಬೂರಿಯ ಜೀವಾಳ ಇರಬೇಕು ಅಂದುಕೊಂಡಿದ್ದರು. ತಂಬೂರಿಯ ಕುದುರೆ ಮೇಲೆ ತಂತಿ ಕೆಳಗೆ ದಾರ ಇಟ್ಟು ಬೇಕೆಂದೇ ತರಿಸುವ ಝೇಂಕಾರ ಅದು. ಹೆಡ್‌ಫೋನ್‌ನಲ್ಲಿ ಕೇಳಿದರೆ ಇಲ್ಲ, ಸ್ಪೀಕರ್‌ನಲ್ಲಿ ಇದೆ. ಆಗ ಹಾಡು ನಡೆಯುತ್ತಿದ್ದಂತೆ ಮಾನಿಟರ್ ಹಿಂದೆ ಅಲ್ಲಲ್ಲಿ ಅಂಗೈ ಒತ್ತುತ್ತಾ ಬಂದೆ. ಕಾಲಿನ ಹತ್ತಿರ ಕೇಬಲ್ ಮುಚ್ಚುವ ಪ್ಲಾಸ್ಟಿಕ್ ಮುಚ್ಚಳ ಒತ್ತಿದ ತಕ್ಷಣ ಝರ್ ನಿಂತಿತು. ಪ್ರತಿ ಸಡಿಲ ವಸ್ತುವಿಗೂ ತಾನು ಕಂಪಿಸುವ ಒಂದು ಶ್ರುತಿ ಇರುತ್ತೆ, ಸ್ಪೀಕರ್‌ನಿಂದ ಆ ಶ್ರುತಿ ಬಂದಾಗ ಅದೂ ದನಿಗೂಡಿಸುತ್ತೆ. ಮುಚ್ಚಳದ ಅಂಚಿಗೆ ತೆಳ್ಳನೆ ಫೋಮ್ ಟೇಪ್ ಅಂಟಿಸಿದೆ. ನೀವೂ ಹೀಗೆ ಒತ್ತಿ ನೋಡಿ, ಸ್ಟ್ಯಾಂಡಿನ ಸ್ಕ್ರೂ ಬಿಗಿ ಮಾಡಿ, ಮಾನಿಟರ್ ಗೋಡೆಗೆ ಅಂಟಿಕೊಂಡಿದ್ದರೆ ಒಂದು ಗೇಣು ಮುಂದೆ ತನ್ನಿ. ಬಹಳಷ್ಟು ಮಾನಿಟರ್‌ಗಳ ಸ್ಪೀಕರ್ ಹಿಂದಕ್ಕೋ ಕೆಳಕ್ಕೋ ಮುಖ ಮಾಡಿರುತ್ತೆ. ಮಾನಿಟರ್ ಬಿಚ್ಚೋಕೆ ಮಾತ್ರ ಹೋಗಬೇಡಿ. ಒಳಗೇ ಪವರ್ ಬೋರ್ಡ್ ಇರುವ ಮಾನಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಮೇಲೆ ಉಳಿದಿರಬಹುದು.

ಕೇಬಲ್ ಬಗ್ಗೆ ಕೇಳಿದ್ದೀರಿ. ಎಚ್‌ಡಿಎಂಐನಲ್ಲಿ ಚಿತ್ರದ ಸಾಲುಗಳ ನಡುವಿನ ಬಿಡುವಿನಲ್ಲಿ ದನಿಯ ಅಂಕಿಗಳು ಹೋಗುತ್ತವೆ, ಎರಡಕ್ಕೂ ತಂತಿ ಒಂದೇ. ಕೇಬಲ್ ಕೆಟ್ಟಿದ್ದರೆ ಪರದೆಯಲ್ಲೂ ಚುಕ್ಕಿ ಮಿನುಗುತ್ತೆ, ಆಗಾಗ ಪರದೆ ಕಪ್ಪಾಗುತ್ತೆ, ದನಿ ತುಂಡು ತುಂಡಾಗಿ ಬರುತ್ತೆ. ನಿಮ್ಮದು ವಾಲ್ಯೂಮ್ ಜೊತೆಗೆ ಹೆಚ್ಚುವ ಒಡಕು, ಅದು ಕೇಬಲ್ ಲಕ್ಷಣ ಅಲ್ಲ. ದನಿ ಜೋರಿರಲಿ ಸಣ್ಣದಿರಲಿ, ಹೊತ್ತಿಲ್ಲದ ಹೊತ್ತಿನಲ್ಲಿ ಟಿಕ್ ಟಿಕ್ ಅಂದರೆ ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿ, ಎಚ್‌ಡಿಎಂಐ ಆಡಿಯೋ ಡ್ರೈವರ್ ಅದರ ಜೊತೆಯಲ್ಲೇ ಬರುತ್ತೆ.

ಹಳೆಯ ವಿಜಿಎ ಕೇಬಲ್ ಇರುವವರು ಇದನ್ನು ಓದುತ್ತಿದ್ದರೆ: ವಿಜಿಎಯಲ್ಲಿ ದನಿ ಹೋಗಲ್ಲ, ಬೇರೆ ಆಡಿಯೋ ವೈರ್ ಬೇಕು. ಅದನ್ನು ‘ಆಡಿಯೋ ಇನ್’ ಅಂತ ಬರೆದಿರುವ ತೂತಿಗೇ ಹಾಕಿ, ಹೆಡ್‌ಫೋನ್ ತೂತಿಗೆ ಅಲ್ಲ. ನಿರಂತರ ಗುಂಯ್ ಅನ್ನುವ 50 ಹರ್ಟ್ಸ್ ದನಿ ಕೇಳಿದರೆ ಅರ್ಥಿಂಗ್ ಕಡೆ ನೋಡಿ. ಎರಡು ಪಿನ್ನಿನ ಎಕ್ಸ್‌ಟೆನ್ಷನ್ ತೆಗೆದು, ಸಿಪಿಯು ಮತ್ತು ಮಾನಿಟರ್ ಎರಡನ್ನೂ ಮೂರು ಪಿನ್ನಿನ ಒಂದೇ ಬೋರ್ಡಿಗೆ ಹಾಕಿ.

ಮಾನಿಟರ್ ಹಿಂದಿನ ಹೆಡ್‌ಫೋನ್‌ನಲ್ಲೂ ಒಡೆದು, ಸೆಟ್ಟಿಂಗ್ ಎಲ್ಲ ಸರಿಮಾಡಿದ ಮೇಲೂ ಉಳಿದರೆ, ಸ್ನೇಹಿತರ ಲ್ಯಾಪ್‌ಟಾಪ್ ತಂದು ಅದೇ ಕೇಬಲ್‌ಗೆ ಜೋಡಿಸಿ. ಅದರಲ್ಲೂ ಒಡೆದರೆ ಮಾನಿಟರ್‌ನ ಆಡಿಯೋ ಭಾಗವೇ ಕೆಟ್ಟಿದೆ. ವಾರಂಟಿಯಲ್ಲಿ ಕೊಡಿ, ಈ ಪರೀಕ್ಷೆಯ ವಿಡಿಯೋ ತೋರಿಸಿದರೆ ವಾದ ಕಡಿಮೆಯಾಗುತ್ತೆ.

ಎಲ್ಲ ಸರಿಯಿದ್ದು ಜೋರು ಸಾಲದು ಅನ್ನೋದಷ್ಟೇ ತೊಂದರೆಯಾದರೆ 2 ವ್ಯಾಟ್‌ನಿಂದ ಹೆಚ್ಚು ನಿರೀಕ್ಷಿಸಬೇಡಿ. ಕಿವಿಗೆ ದನಿ ಎರಡರಷ್ಟು ಅನ್ನಿಸೋಕೆ ಸುಮಾರು ಹತ್ತರಷ್ಟು ವ್ಯಾಟ್ ಬೇಕು. ಮೃದಂಗ ಕೇಳುವ ಆಸೆ ಇದ್ದರೆ ಒಂದು ಜೊತೆ ಹೊರಗಿನ ಸ್ಪೀಕರ್ ತಗೊಳ್ಳಿ, ಮಾನಿಟರ್ ಬದಲಿಸುವುದಕ್ಕಿಂತ ಅದು ಎಷ್ಟೋ ಅಗ್ಗ.

ಮೊದಲು ಆ ಹೆಡ್‌ಫೋನನ್ನು ಮಾನಿಟರ್ ಹಿಂದೆ ಚುಚ್ಚಿ ಕೇಳಿ, ಏನಾಯಿತು ಅಂತ ಇಲ್ಲೇ ಬರೆಯಿರಿ. ವಿಂಡೋಸ್ ಯಾವುದು, ಸೌಂಡ್ ಪಟ್ಟಿಯಲ್ಲಿ ಮಾನಿಟರ್ ಯಾವ ಹೆಸರಿನಲ್ಲಿ ಕಾಣುತ್ತೆ ಅನ್ನೋದನ್ನೂ ಸೇರಿಸಿ. ಸಂಜೆ ಆರರ ಮೇಲೆ ನಾನು ಕಂಪ್ಯೂಟರ್ ಮುಂದೆ ಇರುತ್ತೇನೆ, ಅಮ್ಮನ ಕಚೇರಿ ಮುಗಿದ ಕೂಡಲೇ ನೋಡುತ್ತೇನೆ.