ಚೆಕ್, ಚೆಕ್ಸು, ಚೆಕ್ ನಟ್ಟು

ಪ್ರಶ್ನೆ: ಬ್ಯಾಂಕಿಗೆ ಹಾಕುವುದು ಚೆಕ್ಕು, ಅಂಗಿಯ ಚೌಕಳಿಗೆ ಚೆಕ್ಸು, ಹಳ್ಳಕ್ಕೆ ಕಟ್ಟಿದ್ದು ಚೆಕ್ ಡ್ಯಾಂ. ಇವೆಲ್ಲ ಒಂದೇ ಶಬ್ದವೇ?
– ಬಟ್ಟೆ ವ್ಯಾಪಾರಿ, ಬೆಟಗೇರಿ

ಉತ್ತರ: ಒಂದೇ. ಮೂಲ ಪಾರಸಿಯ ‘ಶಾಹ’, ಅಂದರೆ ಅರಸ. ವಿಜಯಪುರದ ಆದಿಲ್‌ಶಾಹಿಯಲ್ಲಿ ಇರುವುದೂ ಅದೇ; ನಮ್ಮ ‘ಕ್ಷತ್ರಿಯ’ ಅದರ ದಾಯಾದಿ. ಚದುರಂಗದಲ್ಲಿ ಅರಸನಿಗೆ ಆಪತ್ತು ಬಂದಾಗ ‘ಶಾಹ’ ಎಂದು ಎಚ್ಚರಿಸುತ್ತಿದ್ದರು. ಮರಾಠಿಯವರು ಈಗಲೂ ‘ಶಹ’ ಕೊಡುತ್ತಾರೆ. ಅರಬ್ಬಿ, ಲ್ಯಾಟಿನ್ ದಾಟಿ ಫ್ರೆಂಚಿನಲ್ಲಿ ‘ಎಸ್ಚೆಕ್’ ಆದದ್ದು ಇಂಗ್ಲಿಷಿನಲ್ಲಿ ‘ಚೆಕ್’ ಆಯಿತು. ‘ಚೆಸ್’ ಇದರದೇ ಬಹುವಚನ.

ಶಹ ಬಿದ್ದ ಮೇಲೆ ಬೇರೆ ನಡೆ ಇಲ್ಲ, ಮೊದಲು ಅರಸನನ್ನು ಉಳಿಸಬೇಕು. ‘ತಡೆ’ ಎಂಬ ಅರ್ಥ ಹುಟ್ಟಿದ್ದು ಅಲ್ಲಿ. ಚೆಕ್ ಡ್ಯಾಂ ನೀರಿನ ಓಟ ತಡೆಯುತ್ತದೆ, ಚೆಕ್‌ಪೋಸ್ಟ್ ಲಾರಿ ತಡೆಯುತ್ತದೆ.

ಚೌಕಳಿ ಬಂದದ್ದು ಚದುರಂಗದ ಹಾಸಿನಿಂದ. 12ನೆಯ ಶತಮಾನ, ಇಲ್ಲಿ ಬಸವಣ್ಣ ಬಿಜ್ಜಳನ ಭಂಡಾರಿಯಾಗಿದ್ದ ಕಾಲ. ಇಂಗ್ಲೆಂಡಿನ ಅರಸನ ಭಂಡಾರದಲ್ಲಿ 10 ಅಡಿ ಉದ್ದ, 5 ಅಡಿ ಅಗಲದ ಮೇಜಿಗೆ ಗೆರೆ ಎಳೆದ ಕರಿಬಟ್ಟೆ ಹಾಸಿ, ಅದರ ಮೇಲೆ ಬಿಲ್ಲೆ ಇಟ್ಟು ಹಣದ ಲೆಕ್ಕ ಮಾಡುತ್ತಿದ್ದರು. ಒಂದು ಸಾಲು ಪೆನ್ನಿಗೆ, ಪಕ್ಕದ್ದು ಶಿಲ್ಲಿಂಗಿಗೆ, ಅದರಾಚೆ ಪೌಂಡಿಗೆ. 12 ಪೆನ್ನಿ ಆದರೆ ಆ ಬಿಲ್ಲೆಗಳನ್ನೆತ್ತಿ ಶಿಲ್ಲಿಂಗಿನ ಸಾಲಿಗೆ ಒಂದು. ಅಲ್ಲಿ 20 ಆದರೆ ಪೌಂಡಿನ ಸಾಲಿಗೆ ಒಂದು. ಚದುರಂಗದ ಹಾಸಿನಂತಿದ್ದ ಆ ಬಟ್ಟೆಯಿಂದ ಖಜಾನೆಗೇ ‘ಎಕ್ಸ್‌ಚೆಕರ್’ ಎಂಬ ಹೆಸರು ನಿಂತಿತು. ನೀವು ಮಾರುವ ಗಜೇಂದ್ರಗಡದ ಪಟ್ಟೇದ ಅಂಚು ಸೀರೆಯ ಚೌಕಳಿಗೆ ‘ಚೆಕ್ಸ್’ ಅನ್ನುವಾಗ ಬಾಯಲ್ಲಿರುವುದು ಆ ಹಾಸಿನ ಹೆಸರೇ.

ಬ್ಯಾಂಕಿನ ಚೆಕ್ಕಿನದು ತಮಾಷೆ. 18ನೆಯ ಶತಮಾನದ ಆರಂಭದಲ್ಲಿ ಆ ಹೆಸರಿದ್ದದ್ದು ಕೊಟ್ಟ ಚೀಟಿಗಲ್ಲ, ಮೋಸ ತಡೆಯಲು ತಾಳೆ ನೋಡುವುದಕ್ಕೆ ಉಳಿಸಿಕೊಂಡ ಅರೆಚೀಟಿಗೆ. ನಮ್ಮಲ್ಲಿ ಬಹಳ ಮಂದಿ ಖಾಲಿ ಬಿಡುವುದು ಅದನ್ನೇ! ಚೆಕ್ಕಿನಲ್ಲಿ ಹೆಸರನ್ನೋ ಮೊತ್ತವನ್ನೋ ತಪ್ಪು ಬರೆದರೆ ತಿದ್ದಿ ಸಹಿ ಹಾಕಿ ಪ್ರಯೋಜನವಿಲ್ಲ, ಹೊಸದನ್ನೇ ಬರೆಯಬೇಕು. 2012ರ ಏಪ್ರಿಲ್ 1ರಿಂದ ಅದರ ಆಯುಷ್ಯ 6 ತಿಂಗಳಲ್ಲ, 3 ತಿಂಗಳು.

ಯುರೋಪಿನ ಚೆಕ್ ದೇಶಕ್ಕೂ ಇದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಚೆಕ್ ನಟ್ಟಿನಲ್ಲೂ ಇದೇ ಚೆಕ್ಕೇ? ತೆಳು ನಟ್ಟು ಮೇಲೆ ಬರಬೇಕೋ ಕೆಳಗೋ?
– ಫಿಟ್ಟರ್, ಗೋಕುಲ ರಸ್ತೆ, ಹುಬ್ಬಳ್ಳಿ

ಉತ್ತರ: ಹೌದು, ಸಡಿಲಾಗದಂತೆ ತಡೆಯುವ ನಟ್ಟು. ತೆಳುವಾದದ್ದು ಕೆಳಗಿರಬೇಕು. ಮೊದಲು ಅದನ್ನು ಹದವಾಗಿ ಬಿಗಿದು, ಮೇಲೆ ದಪ್ಪ ನಟ್ಟು ಕೂಡಿಸಿ. ಕೆಳಗಿನದು ತಿರುಗದಂತೆ ಒಂದು ಪಾನಾದಲ್ಲಿ ಹಿಡಿದು, ಇನ್ನೊಂದರಲ್ಲಿ ಮೇಲಿನದನ್ನು ಪೂರ್ತಿ ಬಿಗಿಯಿರಿ. ಆಗ ಬೋಲ್ಟಿನ ಎಳೆತವನ್ನು ದಪ್ಪ ನಟ್ಟು ಹೊರುತ್ತದೆ. ತಿರುಗಾಮುರುಗಾ ಹಾಕಿದರೆ ಆ ಎಳೆತ ತೆಳು ನಟ್ಟಿನ ನಾಲ್ಕಾರು ಥ್ರೆಡ್ಡಿನ ಮೇಲೆ ಬಿದ್ದು ಅವು ಕಿತ್ತುಬರಬಹುದು. ಹೆಚ್ಚಿನವರು ಹಾಗೆ ಹಾಕುವುದಕ್ಕೆ ಕಾರಣ ಸಾದಾ ಪಾನಾದ ಬಾಯಿ ದಪ್ಪಗಿದ್ದು ಕೆಳಗಿನ ತೆಳು ನಟ್ಟಿಗೆ ಸಿಕ್ಕದಿರುವುದು. ತೆಳು ಬಾಯಿಯ ಪಾನಾ ಒಂದು ಬೇರೆ ಇಟ್ಟುಕೊಳ್ಳಿ.