ಔಷಧಿ ಕೂಪನ್: ಶೇಕಡಾ ಬಿಟ್ಟು ಮಿತಿ ನೋಡಿ

ಪ್ರಶ್ನೆ: ಬಿ.ಪಿ., ಶುಗರ್‌ಗೆ ತಿಂಗಳಿಗೆ ₹1,400ರ ಮಾತ್ರೆ ಬೇಕು. ಗೋಣಿಕೊಪ್ಪಲಿನ ಮೆಡಿಕಲ್‌ನವರು 10% ಬಿಡುತ್ತಾರೆ. ಆ್ಯಪ್‌ನಲ್ಲಿ 25% ಕೂಪನ್ ಬಂದಿದೆ. ಯಾವುದು ಲಾಭ?
– ಓದುಗರು, ಪೊನ್ನಂಪೇಟೆ

ಉತ್ತರ: ಕೂಪನ್ನಿನ ಷರತ್ತು ತೆರೆದು ‘ಗರಿಷ್ಠ’ ಎಂಬ ಪದ ಹುಡುಕಿ. ‘ಗರಿಷ್ಠ ₹200’ ಎಂದಿದ್ದರೆ ನಿಮಗೆ ಕಡಿತವಾಗುವುದು 350 ಅಲ್ಲ, 200. ಡೆಲಿವರಿ, ಪ್ಯಾಕಿಂಗ್ ಎಂದು 50 ಸೇರಿಸಿದರೆ ಉಳಿತಾಯ 150. ಗೋಣಿಕೊಪ್ಪಲಿನಲ್ಲಿ ಸಿಗುವುದು 140. ಹತ್ತು ರೂಪಾಯಿಯ ವ್ಯತ್ಯಾಸಕ್ಕೆ ಕೊರಿಯರ್ ಕಾಯುವುದು ನಮಗಂತೂ ದುಬಾರಿ ಅನ್ನಿಸುತ್ತದೆ. ಅದೂ ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ! ಆ್ಯಪ್‌ನಲ್ಲೇ ತರಿಸುವುದಾದರೆ ಹತ್ತು ದಿನದ ಮಾತ್ರೆ ಕೈಲಿರುವಾಗಲೇ ಆರ್ಡರ್ ಹಾಕಿ.

ಇನ್ನೂ ಕೆಲವು ಷರತ್ತುಗಳಿರುತ್ತವೆ. ‘ಮೊದಲ ಆರ್ಡರ್‌ಗೆ ಮಾತ್ರ’ ಎಂದಿದ್ದರೆ ಎರಡನೇ ತಿಂಗಳಿನ ಬಿಲ್ಲನ್ನೂ ಲೆಕ್ಕ ಹಾಕಿ ನೋಡಿ. ಕ್ಯಾಶ್‌ಬ್ಯಾಕ್ ಎಂದರೆ ಇಂದಿನ ಬಿಲ್ ಪೂರ್ತಿ ಕಟ್ಟಿ, ವ್ಯಾಲೆಟ್‌ಗೆ ಬಂದದ್ದನ್ನು ಅವಧಿಯೊಳಗೆ ಅಲ್ಲೇ ಖರ್ಚು ಮಾಡುವುದು. ಸದಸ್ಯತ್ವ ತೆಗೆದುಕೊಂಡರೆ ತಾನಾಗಿ ನವೀಕರಣವಾಗುವ ಆಯ್ಕೆಯನ್ನು ಆ ದಿನವೇ ಆಫ್ ಮಾಡಿ.

ಆ್ಯಪ್ ‘ಇದೇ ಔಷಧಿ, ಕಡಿಮೆ ಬೆಲೆ’ ಎಂದು ಬೇರೆ ಬ್ರ್ಯಾಂಡ್ ತೋರಿಸಿದರೆ ಮಿಲಿಗ್ರಾಂ ಜೊತೆಗೆ ಹೆಸರಿನ ಬಾಲವನ್ನೂ ನೋಡಿ. ಮೆಟ್‌ಫಾರ್ಮಿನ್ 500 ಬೇರೆ, ನಿಧಾನವಾಗಿ ಕರಗುವ ಮೆಟ್‌ಫಾರ್ಮಿನ್ 500 ಎಸ್‌ಆರ್ ಬೇರೆ. ಥೈರಾಯ್ಡ್, ಮೂರ್ಛೆರೋಗದ ಮಾತ್ರೆಗಳ ಬ್ರ್ಯಾಂಡನ್ನು ವೈದ್ಯರನ್ನು ಕೇಳದೆ ಬದಲಿಸಲೇಬೇಡಿ.

ನಿಜವಾದ ಉಳಿತಾಯ ಬೇಕೆಂದರೆ ಕೂಪನ್ನಿಗಿಂತ ಮೊದಲು ಜನೌಷಧಿ ಕೇಂದ್ರದ ಬೆಲೆ ವಿಚಾರಿಸಿ. ಮೆಟ್‌ಫಾರ್ಮಿನ್, ಆಮ್ಲೋಡಿಪಿನ್, ಟೆಲ್ಮಿಸಾರ್ಟನ್‌ನಂಥ ನಿತ್ಯದ ಮಾತ್ರೆಗಳು ಅಲ್ಲಿ ಬ್ರ್ಯಾಂಡಿನ ಅರ್ಧ ಬೆಲೆಗೂ ಕಡಿಮೆಗೆ ಸಿಗುವುದು ಸಾಮಾನ್ಯ. ಹತ್ತಿರದ ಕೇಂದ್ರ ಎಲ್ಲಿದೆ, ಬೆಲೆ ಎಷ್ಟು ಎಂಬುದನ್ನು ‘ಜನೌಷಧಿ ಸುಗಮ್’ ಆ್ಯಪ್ ತೋರಿಸುತ್ತದೆ. ಚೀಟಿಯಲ್ಲಿ ಬ್ರ್ಯಾಂಡ್ ಹೆಸರಷ್ಟೇ ಇದ್ದರೆ ಔಷಧಿಯ ಮೂಲ ಹೆಸರನ್ನೂ ಬರೆದುಕೊಡಲು ವೈದ್ಯರನ್ನು ಕೇಳಿ.

ಪ್ರಶ್ನೆ: ಇನ್ಸುಲಿನ್‌ಗೂ ಕೂಪನ್ ಇದೆ. ಭಾಗಮಂಡಲಕ್ಕೆ ತರಿಸಬಹುದೇ?

ಉತ್ತರ: ಮಳೆಗಾಲದಲ್ಲಿ ಬೇಡ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ರಸ್ತೆ ಬಂದ್ ಆಗಿ ಪೆಟ್ಟಿಗೆ ಎಲ್ಲೋ ಎರಡು ದಿನ ಕೂತರೆ ಐಸ್ ಜೆಲ್ ಕರಗಿರುತ್ತದೆ. ಜೆಲ್‌ಗೆ ನೇರವಾಗಿ ತಾಗಿ ಹೆಪ್ಪುಗಟ್ಟಿದ್ದರೂ ಔಷಧಿ ಕೆಟ್ಟಂತೆಯೇ. ಮತ್ತೆ ಕರಗಿಸಿ ಬಳಸಬಾರದು. ಫ್ರಿಜ್‌ನಲ್ಲಿಡುವ ಔಷಧಿಯನ್ನು ಹಲವು ಆ್ಯಪ್‌ಗಳು ವಾಪಸ್ ಪಡೆಯುವುದಿಲ್ಲ. ಮಡಿಕೇರಿಗೆ ಹೋದಾಗ ಥರ್ಮಾಸ್ ಒಯ್ದು, ಫ್ರಿಜ್‌ನಿಂದಲೇ ತೆಗೆದುಕೊಡುವ ಅಂಗಡಿಯಲ್ಲಿ ಕೊಳ್ಳಿ.